ಎರಡು ಸಿಸೇರಿಯನ್ ಆಗಿದೆ, ಮಗಳಿಗೆ ಭಯವಿಲ್ಲ ಅಲ್ವಾ?

ಪ್ರಶ್ನೆ: ಹೋದ ವರ್ಷ ನನ್ನ ತಮ್ಮನಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಆಗ ಅವನ ಮೈಯೆಲ್ಲ ಸೆಟೆದುಕೊಂಡು, ಕೆಂಡದ ಹಾಗೆ ಕಾದು, ಐದು ದಿನ ಐಸಿಯುನಲ್ಲಿದ್ದು ಉಳಿದುಕೊಂಡ. ಚೀಟಿಯಲ್ಲಿ ‘ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ’ ಎಂದು ಬರೆದಿದ್ದಾರೆ. ಮ್ಯಾಲಿಗ್ನಂಟ್ ಅಂದರೆ ಕ್ಯಾನ್ಸರಾ? ಈಗ ನನ್ನ ಒಂಬತ್ತು ವರ್ಷದ ಮಗಳಿಗೆ ಟಾನ್ಸಿಲ್ ಆಪರೇಷನ್ ಆಗಬೇಕು. ನನಗೆ ಎರಡು ಸಿಸೇರಿಯನ್ ಆಗಿದೆ, ಏನೂ ತೊಂದರೆ ಆಗಲಿಲ್ಲ. ಹಾಗಾದರೆ ಅವಳಿಗೂ ಭಯವಿಲ್ಲ ಅಲ್ವಾ?
– ಓದುಗರೊಬ್ಬರು, ಶ್ರೀನಿವಾಸಪುರ

ಉತ್ತರ: ಕ್ಯಾನ್ಸರ್ ಅಲ್ಲಮ್ಮ. ಆಪರೇಷನ್‌ಗೆ ಕೊಡುವ ಕೆಲವು ಮತ್ತಿನ ಮದ್ದಿಗೆ ಮೈ ಕೆರಳುವ ತೊಂದರೆ ಇದು. ಹಿಂದೆ ಇದು ಬಂದವರಲ್ಲಿ ಹೆಚ್ಚಿನವರು ಉಳಿಯುತ್ತಿರಲಿಲ್ಲ, ಅದಕ್ಕೇ ಆ ಹೆಸರು ಬಂತು. ಆದರೆ ನಿಮ್ಮ ಕೊನೆಯ ಮಾತು ನನಗೆ ಕಳವಳ ತಂದಿತು. ಸಿಸೇರಿಯನ್ ಆಗುವಾಗ ನಿಮಗೆ ಎಚ್ಚರ ಇತ್ತಾ? ಮಗು ಅತ್ತಿದ್ದು ಕೇಳಿಸಿತಾ? ಹಾಗಿದ್ದರೆ ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದಾರೆ. ಈ ತೊಂದರೆ ತರುವ ಔಷಧ ನಿಮ್ಮ ಮೈಗೆ ಸೋಕಿಯೇ ಇಲ್ಲ. ಒಂದು ವೇಳೆ ಪೂರ್ತಿ ಅನಸ್ತೀಸಿಯಾ ಕೊಟ್ಟಿದ್ದರೂ ನಿರಾಳವಾಗುವ ಹಾಗಿಲ್ಲ. ಎರಡು ಸಲ ಏನೂ ಆಗದೆ ಮೂರನೇ ಸಲ ಕೆರಳಿದವರಿದ್ದಾರೆ.

ಒಳಗೆ ಏನಾಗುತ್ತದೆ ಹೇಳುತ್ತೇನೆ. ನಾನು ಬೆಳೆದದ್ದು ಮುಳಬಾಗಿಲು ಕಡೆಯ ಒಂದು ಹಳ್ಳಿಯಲ್ಲಿ, ಕೆರೆ ಏರಿಯ ಕೆಳಗೆ. ನೀರುಗಂಟಿ ಬಂದು ತೂಬು ಎತ್ತಿದರೆ ಗದ್ದೆಗೆ ನೀರು. ಇಳಿಸಿದರೆ ಮುಗಿಯಿತು. ನಮ್ಮ ಸ್ನಾಯುವಿನ ಒಂದೊಂದು ಎಳೆಯೊಳಗೂ ಇಂಥದ್ದೇ ಒಂದು ಕೆರೆ ಇದೆ. ಅದರಲ್ಲಿ ಇರುವುದು ಕ್ಯಾಲ್ಸಿಯಂ. ರಯನೋಡಿನ್ ರಿಸೆಪ್ಟರ್ ಎಂಬ ಚಾನೆಲ್ ಅದರ ತೂಬು. ನರದಿಂದ ಬಂದ ಕರೆಂಟನ್ನು ಗುರುತಿಸಿ ತೂಬು ಎತ್ತಿಸುವ ಇನ್ನೊಂದು ಚಾನೆಲ್ ಇದೆ, ಅದೇ ನೀರುಗಂಟಿ. ಕ್ಯಾಲ್ಸಿಯಂ ಹರಿದರೆ ಸ್ನಾಯು ಬಿಗಿಯುತ್ತದೆ. ಪಂಪುಗಳು ಅದನ್ನು ತಿರುಗಿ ಕೆರೆಗೆ ಎತ್ತಿ ಹಾಕಿದರೆ ಸಡಿಲವಾಗುತ್ತದೆ.

ನಿಮ್ಮ ತಮ್ಮನಂಥವರಲ್ಲಿ ಹುಟ್ಟಿನಿಂದಲೇ ತೂಬಿನ ಬಾಗಿಲು ಸಡಿಲ. ಹೆಚ್ಚಿನವರಲ್ಲಿ ದೋಷ ಇರುವುದು ಆರ್‌ವೈಆರ್1 ಎಂಬ ಜೀನ್‌ನಲ್ಲಿ, ಅಂದರೆ ತೂಬಿನಲ್ಲೇ. ಕೆಲವರಲ್ಲಿ ಮಾತ್ರ ನೀರುಗಂಟಿಯ ಜೀನ್‌ನಲ್ಲಿ. ದಿನನಿತ್ಯದ ಕೆಲಸಕ್ಕೆ ಸಾಮಾನ್ಯವಾಗಿ ಏನೂ ಅಡ್ಡಿಯಿಲ್ಲ. ಆದರೆ ಹ್ಯಾಲೋಥೇನ್, ಐಸೋಫ್ಲುರೇನ್, ಸೆವೋಫ್ಲುರೇನ್‌ನಂಥ ಉಸಿರಲ್ಲಿ ಕೊಡುವ ಮದ್ದು, ಇಲ್ಲವೇ ಸ್ನಾಯು ಸಡಿಲಿಸಲು ಕೊಡುವ, ನಾವು ಸ್ಕೋಲಿನ್ ಎನ್ನುವ ಇಂಜೆಕ್ಷನ್ ಬಿದ್ದರೆ ತೂಬು ತೆರೆದೇ ಉಳಿಯುತ್ತದೆ. ಪಂಪುಗಳು ಬಿಡುವಿಲ್ಲದೆ ಎತ್ತುತ್ತವೆ, ಇದ್ದಬದ್ದ ಶಕ್ತಿಯನ್ನೆಲ್ಲ ಸುಡುತ್ತವೆ. ಆ ಬೆಂಕಿಯೇ ಮೈ ಕಾಯಿಸುವುದು. ಇದು ಸೋಂಕಿನ ಜ್ವರವಲ್ಲ, ಪ್ಯಾರಾಸಿಟಮಾಲ್ ಕೇಳುವುದಿಲ್ಲ. ಕೊನೆಗೆ ಸ್ನಾಯು ಒಡೆದು ಪೊಟ್ಯಾಸಿಯಂ ರಕ್ತಕ್ಕೆ ಸೇರುತ್ತದೆ. ಹೃದಯ ನಿಲ್ಲಿಸುವುದು ಅದೇ.

31 ವರ್ಷ ಅನಸ್ತೀಸಿಯಾ ಕೊಟ್ಟಿದ್ದೇನೆ. ಇದನ್ನು ಕಣ್ಣಾರೆ ಕಂಡದ್ದು ಒಂದೇ ಸಲ. ಮರದಿಂದ ಬಿದ್ದು ಕೈ ಮುರಿದುಕೊಂಡ ಹುಡುಗ. ಮೊದಲು ದವಡೆ ಬಿಗಿಯಿತು. ಆಮೇಲೆ ಉಸಿರಿನ ಕಾರ್ಬನ್ ಡೈಆಕ್ಸೈಡ್ ಏರತೊಡಗಿತು, ಎಷ್ಟು ಗಾಳಿ ಕೊಟ್ಟರೂ ಇಳಿಯಲಿಲ್ಲ. ಆ ಕಾರ್ಬನ್ ಡೈಆಕ್ಸೈಡ್ ಹೀರಲು ಮಷೀನಿನಲ್ಲಿರುವ ಸೋಡಾ ಲೈಮ್ ಡಬ್ಬಿ ಮುಟ್ಟಿದೆ, ಸುಡುತ್ತಿತ್ತು. ಮೈ ಕಾದದ್ದು ಅದಾದ ಮೇಲೆ. ಎದುರಿನ ಜ್ಯೂಸ್ ಅಂಗಡಿಯಿಂದ ಐಸ್ ತಂದು ಸುರಿದೆವು. ತೂಬು ಮುಚ್ಚಿಸುವ ಔಷಧ ಡಾಂಟ್ರೋಲಿನ್ ನಮ್ಮಲ್ಲಿ ಇರಲಿಲ್ಲ. ಹುಡುಗ ಉಳಿಯಲಿಲ್ಲ. ಹೊರಗೆ ಅವನ ಅಜ್ಜಿ, ‘ನನ್ನ ಮಗನೂ ಹಿಂಗೇ ಹೋದ, ಮತ್ತಿನ ಮದ್ದು ಜಾಸ್ತಿ ಆಯ್ತು ಅಂದಿದ್ದರು’ ಎಂದು ಅತ್ತರು. ಹಿಂದಿನ ದಿನ ನಾನು ಕೇಳಿದ್ದು ಬಿಪಿ, ಶುಗರ್, ಅಸ್ತಮಾ. ಮನೆಯಲ್ಲಿ ಯಾರಿಗಾದರೂ ಮತ್ತಿನ ಮದ್ದಿನಿಂದ ತೊಂದರೆ ಆಗಿತ್ತಾ ಎಂದು ಕೇಳಲೇ ಇಲ್ಲ. ಅಲ್ಲಿಂದಾಚೆಗೆ ಅದನ್ನು ಕೇಳದೆ ಯಾರಿಗೂ ಮದ್ದು ಕೊಟ್ಟಿಲ್ಲ.

ಈ ಕಾಯಿಲೆ ಮೊದಲು ಗುರುತಾದದ್ದೂ ಹೀಗೆ ಮನೆಯವರ ಕಥೆ ಹೇಳಿದ್ದರಿಂದಲೇ. ಮೆಲ್ಬರ್ನ್‌ನಲ್ಲಿ ಕಾಲು ಮುರಿದ 21 ವರ್ಷದ ಯುವಕನೊಬ್ಬ ಕಾಲಿಗಿಂತ ಅನಸ್ತೀಸಿಯಾಕ್ಕೇ ಹೆದರಿದ್ದ. ಅವನ ಸಂಬಂಧಿಕರು ಹತ್ತು ಜನ ಈಥರ್ ಎಂಬ ಮತ್ತಿನ ಮದ್ದು ಕೊಟ್ಟಾಗ ತೀರಿಕೊಂಡಿದ್ದರು. ಅವನಿಗೆ ಹ್ಯಾಲೋಥೇನ್ ಕೊಟ್ಟರು, ಕೆಟ್ಟಿತು. ಆದರೆ ವೈದ್ಯರು ಎಚ್ಚರದಿಂದ ಇದ್ದದ್ದರಿಂದ ಬದುಕಿದ. 1960ರಲ್ಲಿ ಡೆನ್‌ಬರೋ ಮತ್ತು ಲೋವೆಲ್ ಎಂಬ ವೈದ್ಯರು ಅದನ್ನು ಬರೆದು ಪ್ರಕಟಿಸಿದರು.

ಈಗ ನಿಮ್ಮ ಮಗಳ ವಿಷಯ. ಇದು ತಂದೆ ತಾಯಿ ಒಬ್ಬರಿಂದ ಬಂದರೂ ಸಾಕು. ನಿಮ್ಮ ತಮ್ಮನಿಗೆ ಹಾಗೆ ಬಂದಿದ್ದರೆ ನಿಮಗೂ ಇರುವ ಸಾಧ್ಯತೆ ಅರ್ಧಕ್ಕರ್ಧ, ಮಗಳಿಗೆ ಅದರ ಅರ್ಧ. ಮೊದಲು ತಮ್ಮನ ಜೀನ್ ಪರೀಕ್ಷೆ ಮಾಡಿಸಿ. ದೋಷ ಸಿಕ್ಕರೆ ಅದನ್ನೇ ನಿಮ್ಮಲ್ಲಿ ಹುಡುಕಬಹುದು. ಸಿಗದಿದ್ದರೆ ‘ಇಲ್ಲ’ ಎಂದು ಅರ್ಥವಲ್ಲ. ಸ್ನಾಯುವಿನ ಚೂರು ತೆಗೆದು ಹ್ಯಾಲೋಥೇನ್, ಕೆಫೀನ್ ತಾಗಿಸಿ ನೋಡುವ ಪರೀಕ್ಷೆಯೂ ಇದೆ, ಆದರೆ ಜಗತ್ತಿನಲ್ಲೇ ಕೆಲವು ಕಡೆ ಮಾತ್ರ.

ಫಲಿತಾಂಶ ಬರುವ ತನಕ ಮಗಳಿಗೆ ಇದೆ ಎಂದೇ ತಿಳಿದು ನಡೆಯಬೇಕು. ಹೆದರಿ ಆಪರೇಷನ್ ಬಿಡುವುದು ಬೇಡ. ಪ್ರೊಪೋಫಾಲ್‌ನಂಥ ರಕ್ತನಾಳದ ಮದ್ದಿನಲ್ಲೇ ಮಲಗಿಸಬಹುದು, ಅದು ತೂಬನ್ನು ಕೆರಳಿಸುವುದಿಲ್ಲ. ಮಷೀನಿನಲ್ಲಿ ಉಳಿದ ಹಳೆಯ ಮದ್ದು ಹೋಗುವಂತೆ ತುಂಬಾ ಹೊತ್ತು ಆಕ್ಸಿಜನ್ ಹರಿಸಬೇಕು. ಅದಕ್ಕೆ ಬೆಳಗಿನ ಮೊದಲ ಕೇಸಾಗಿ ಇಡಲು ಕೇಳಿ. ‘ಡಾಂಟ್ರೋಲಿನ್ ಇದೆಯಾ?’ ಎಂದು ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ಒಂದು ಬಾಟಲಿನಲ್ಲಿ 20 ಮಿಲಿಗ್ರಾಂ ಇದ್ದರೆ, 60 ಕೆಜಿ ತೂಕದವರಿಗೆ ಮೊದಲ ಡೋಸ್‌ಗೇ ಎಂಟು ಬಾಟಲು ಬೇಕು. ನಿಮ್ಮ ಮಗಳಿಗೆ ಕಡಿಮೆ ಸಾಕು, ಆದರೂ ಒಂದೆರಡು ಬಾಟಲು ನಂಬಿ ಕೂರುವ ಹಾಗಿಲ್ಲ. ಇಲ್ಲ ಎಂದರೆ ಇರುವ ಆಸ್ಪತ್ರೆಗೆ ಹೋಗಿ. ಟಾನ್ಸಿಲ್ ಕೆಲವು ವಾರ ಕಾಯುತ್ತದೆ.

ತಮ್ಮನ ಚೀಟಿಯನ್ನು ಸರ್ಜನ್‌ಗೆ ತೋರಿಸಿದರೆ ಸಾಲದು. ಮತ್ತಿನ ಮದ್ದು ಕೊಡುವ ಡಾಕ್ಟರ ಕೈಗೇ ಕೊಡಿ.

ಪ್ರಶ್ನೆ: ನನ್ನ ಅಣ್ಣನಿಗೂ ಇದೇ ತೊಂದರೆ. ಹಲ್ಲು ಕೀಳಿಸಲು ವಸಡಿಗೆ ಕೊಡುವ ಇಂಜೆಕ್ಷನ್ ಅಪಾಯವೇ?
– ಓದುಗರೊಬ್ಬರು, ಮಾಲೂರು

ಉತ್ತರ: ಇಲ್ಲ. ವಸಡು ಮರಗಟ್ಟಿಸಲು ಕೊಡುವ ಲಿಗ್ನೋಕೇನ್ ಈ ತೂಬಿನ ತಂಟೆಗೆ ಹೋಗುವುದಿಲ್ಲ. ಧೈರ್ಯವಾಗಿ ಕೀಳಿಸಲಿ.