ಹತ್ತಕ್ಕೆ ಹಾಡು ನಿಂತರೆ ಇಪ್ಪತ್ತು ಸಾವಿರ ಜನ ಒಟ್ಟಿಗೆ ಎದ್ದು ಹೊರಡುತ್ತಾರೆ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಚಿಕ್ಕಬಳ್ಳಾಪುರದ ಹತ್ತಿರ ರಾಷ್ಟ್ರೀಯ ಹೆದ್ದಾರಿ 44ರ ಪಕ್ಕದಲ್ಲೇ ಜಮೀನು ಗೊತ್ತುಮಾಡಿದ್ದೇವೆ. ಜನವರಿಯ ಒಂದು ಶನಿವಾರ ಮಧ್ಯಾಹ್ನ 3ರಿಂದ ರಾತ್ರಿ 10ರವರೆಗೆ ಸಂಗೀತೋತ್ಸವ. 20,000 ಜನ ಬರಬಹುದು, ಬಹುಪಾಲು ಬೆಂಗಳೂರಿನವರು. ಪಾರ್ಕಿಂಗಿಗೆ ಎಷ್ಟು ಜಾಗ ಬೇಕು? ಗೇಟು ಎಷ್ಟಿರಬೇಕು? ಪೊಲೀಸರು ‘ಟ್ರಾಫಿಕ್ ಪ್ಲಾನ್ ತನ್ನಿ’ ಎಂದಿದ್ದಾರೆ, ಅದರಲ್ಲಿ ಏನೇನು ಇರಬೇಕು?
— ಸಂಘಟಕರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಮೊದಲು ಜನರನ್ನು ಗಾಡಿಗಳಾಗಿ ಎಣಿಸಿ. ಊರಾಚೆ ನಡೆಯುವ ಇಂಥ ಕಾರ್ಯಕ್ರಮಕ್ಕೆ ಹೀಗೆ ಲೆಕ್ಕ ಹಿಡಿಯಬಹುದು: ನೂರಕ್ಕೆ 45 ಮಂದಿ ಕಾರಿನಲ್ಲಿ, 30 ಮಂದಿ ಬೈಕಿನಲ್ಲಿ, 20 ಮಂದಿ ಬಸ್ಸಿನಲ್ಲಿ, ಉಳಿದವರು ಕ್ಯಾಬ್, ಆಟೊ. ಕಾರಿಗೆ ಮೂವರಂತೆ 3,000 ಕಾರು, ಬೈಕಿಗೆ ಸರಾಸರಿ 1.6 ಜನರಂತೆ 3,750 ಬೈಕು, ಬಸ್ಸಿಗೆ 45 ಜನರಂತೆ ಸುಮಾರು 90 ಬಸ್ಸು ಆಗುತ್ತದೆ. ಕಾರಿಗೆ ಮೂವರು ಎನ್ನುವುದು ಸ್ವಲ್ಪ ಆಸೆಬುರುಕ ಲೆಕ್ಕವೇ. ಅದು ಎರಡೂವರೆಗೆ ಇಳಿದರೆ 600 ಕಾರು ಜಾಸ್ತಿ, ಅಂದರೆ ಇನ್ನೂ ನಾಲ್ಕು ಎಕರೆ ಬೇಕು. ಟಿಕೆಟ್ ಮಾರುವಾಗಲೇ ‘ಹೇಗೆ ಬರುತ್ತೀರಿ’ ಎಂದು ಕೇಳುವ ಒಂದು ಖಾನೆ ಇಟ್ಟರೆ ಈ ಊಹೆಯ ಆಟ ತಪ್ಪುತ್ತದೆ.

ಜಾಗದ ಲೆಕ್ಕಕ್ಕೆ ಗುಂಟೆಯೇ ಸಲೀಸು. ಕಾರು ನಿಲ್ಲಲು 2.5 × 5 ಮೀಟರ್, ಎರಡು ಸಾಲಿನ ನಡುವೆ 6 ಮೀಟರ್ ಓಡಾಟದ ದಾರಿ, ಅಡ್ಡದಾರಿ, ಮರ, ಬದು ಎಲ್ಲ ಸೇರಿ ಒಂದು ಕಾರಿಗೆ 25 ಚದರ ಮೀಟರ್. ಗುಂಟೆಗೆ ನಾಲ್ಕು ಕಾರು ಎಂದಾಯಿತು. ಕಾಗದದ ಮೇಲೆ ಎಕರೆಗೆ 160 ಬರುತ್ತದೆ, ಆದರೆ ಹೊಲದಲ್ಲಿ 140ಕ್ಕಿಂತ ಹೆಚ್ಚು ನಂಬಬೇಡಿ. ಹಾಗಾಗಿ ಕಾರಿಗೆ 21–22 ಎಕರೆ, ಬೈಕಿಗೆ 4, ಬಸ್ಸಿಗೆ ಗಟ್ಟಿ ನೆಲದಲ್ಲಿ 3. ಒಳದಾರಿ ಸೇರಿದರೆ ಸುಮಾರು 30 ಎಕರೆ ಪಾರ್ಕಿಂಗಿಗೇ ಬೇಕು, ವೇದಿಕೆಯ ಮೈದಾನ ಬೇರೆ.

ಇನ್ನು ಗೇಟು. ಟ್ರಾಫಿಕ್ ಜಾಮ್ ಹುಟ್ಟುವುದು ಸಾಮಾನ್ಯವಾಗಿ ರಸ್ತೆಯಲ್ಲಲ್ಲ, ಗೇಟಿನಲ್ಲಿ. ಅದರಲ್ಲೂ ಪಾರ್ಕಿಂಗ್ ದುಡ್ಡು ವಸೂಲಿ ಮಾಡುವ ಹುಡುಗನ ಕೈಯಲ್ಲಿ. 3,000 ಕಾರುಗಳಲ್ಲಿ 1,800 ಸಂಜೆ 4ರಿಂದ 6ರೊಳಗೆ ಬಂದವು ಎಂದಿಟ್ಟುಕೊಳ್ಳಿ, ಗಂಟೆಗೆ 900 ಆಯಿತು. ಚಾಲಕ ಗಾಜು ಇಳಿಸಿ, ‘ಎಷ್ಟು?’ ಎಂದು ಕೇಳಿ, ಐನೂರರ ನೋಟು ಕೊಟ್ಟು, ಚಿಲ್ಲರೆಗೆ ಕಾದು, ಚೀಟಿ ತೆಗೆದುಕೊಳ್ಳಲು 20 ಸೆಕೆಂಡು ಹಿಡಿದರೂ ಒಂದು ಸಾಲಿನಲ್ಲಿ ಗಂಟೆಗೆ ಒಳಗೆ ಹೋಗುವುದು 180 ಕಾರು. ಎರಡು ಸಾಲಿದ್ದರೆ 360. ಉಳಿದ 540 ಹೊರಗೇ ನಿಲ್ಲುತ್ತವೆ. ಒಂದಕ್ಕೆ 7 ಮೀಟರ್ ಹಿಡಿದರೆ ಒಂದೇ ಗಂಟೆಯಲ್ಲಿ ಸಾಲು 3.8 ಕಿ.ಮೀ. ಬೆಳೆದು ಸರ್ವಿಸ್ ರಸ್ತೆ ತುಂಬಿ ಹೆದ್ದಾರಿಗೆ ಹತ್ತುತ್ತದೆ. ಹೆದ್ದಾರಿಯಲ್ಲಿ ವೇಗವಾಗಿ ಬರುವ ಲಾರಿಗೆ ಆ ಸಾಲಿನ ಬಾಲ ಕತ್ತಲಲ್ಲಿ ಕಾಣುವುದೇ ಕಡೆಗಳಿಗೆಯಲ್ಲಿ. ಇಡೀ ಯೋಜನೆಯಲ್ಲಿ ಅತಿ ಅಪಾಯದ ಜಾಗ ಆ ಬಾಲವೇ.

ವಸೂಲಿ ಕೈಬಿಟ್ಟು ಸುಮ್ಮನೆ ಒಳಗೆ ಬಿಟ್ಟರೆ ಕಾರಿಗೆ 7 ಸೆಕೆಂಡು ಸಾಕು, ಅದೇ ಎರಡು ಸಾಲಿನಲ್ಲಿ ಗಂಟೆಗೆ ಸಾವಿರ ಕಾರು ಒಳಗೆ ಬರುತ್ತವೆ. ಆದ್ದರಿಂದ ಪಾರ್ಕಿಂಗ್ ಶುಲ್ಕವನ್ನು ಟಿಕೆಟ್ಟಿನಲ್ಲೇ ಸೇರಿಸಿ. ‘ಗೇಟಿನಲ್ಲಿ ಕ್ಯೂಆರ್ ಹಾಕ್ತೀವಿ’ ಎನ್ನುವುದು ಪರಿಹಾರವಲ್ಲ. ಸಾವಿರಾರು ಫೋನು ಒಂದೇ ಟವರಿಗೆ ಜೋತುಬಿದ್ದಾಗ ಪಾವತಿ ಸುತ್ತುತ್ತಲೇ ಇರುತ್ತದೆ. ಬ್ಯಾಗ್ ತಪಾಸಣೆ ಜನ ನಡೆದು ಬರುವ ಗೇಟಿನಲ್ಲಿ ನಡೆಯಲಿ, ಕಾರಿನ ಗೇಟಿನಲ್ಲಿ ಬೇಡ. ರಸ್ತೆಯಿಂದ ಗೇಟಿಗೆ ನಿಮ್ಮ ಜಮೀನಿನೊಳಗೇ ಎರಡು ಸಾಲಿನ 300 ಮೀಟರ್ ದಾರಿ ಮಾಡಿಕೊಳ್ಳಿ. ಅದರಲ್ಲಿ ಸುಮಾರು 85 ಕಾರು ಹಿಡಿಸುತ್ತವೆ, ಗೇಟು ಪೂರಾ ನಿಂತುಹೋದರೆ ನಿಮಗೆ ಸಿಗುವ ಬಿಡುವು ಐದಾರು ನಿಮಿಷ. ಅದು ಎಷ್ಟು ಕಡಿಮೆ ಎನ್ನುವುದನ್ನು ಪೊಲೀಸರಿಗೆ ನೀವೇ ಹೇಳಿಬಿಡಿ, ನಂಬಿಕೆ ಬರುತ್ತದೆ.

ಬರುವುದು ಮೂರು ಗಂಟೆಗಳ ಅವಧಿಗೆ ಹಂಚಿಹೋಗುತ್ತದೆ, ಹೋಗುವುದು ಹಾಗಲ್ಲ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಿರ್ಬಂಧವಿರುವುದರಿಂದ (2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು) ಹತ್ತಕ್ಕೆ ಹಾಡು ನಿಲ್ಲುತ್ತದೆ, ಎಲ್ಲರೂ ಒಟ್ಟಿಗೆ ಏಳುತ್ತಾರೆ. ಸರ್ವಿಸ್ ರಸ್ತೆಗೆ ಸೇರುವ ಒಂದು ಬಾಯಿಯಲ್ಲಿ, ಪೊಲೀಸರು ನಿಂತು ಬಿಡಿಸಿದರೂ, ಗಂಟೆಗೆ 700 ಕಾರು ಹೊರಬಿದ್ದರೆ ಹೆಚ್ಚು. 3,000 ಕಾರಿಗೆ ನಾಲ್ಕು ಗಂಟೆಗೂ ಮೇಲಾಗುತ್ತದೆ. ಕೊನೆಯ ಕಾರು ರಾತ್ರಿ ಎರಡು ದಾಟಿ ಹೊರಡುತ್ತದೆ. ಅಷ್ಟು ಹೊತ್ತಿಗೆ ಭಾನುವಾರದ ಸೂರ್ಯೋದಯಕ್ಕೆಂದು ನಂದಿ ಬೆಟ್ಟಕ್ಕೆ ಬರುವ ಬೈಕುಗಳು ಎದುರಾಗುವ ಹೊತ್ತು ಹತ್ತಿರವಾಗಿರುತ್ತದೆ.

ಇದಕ್ಕೆ ಮಾಡಬೇಕಾದ್ದು: ಹೊರಹೋಗುವ ಬಾಯಿ ಎರಡು, ಬೇರೆಬೇರೆ ರಸ್ತೆಗೆ. ಬೈಕಿಗೆ ಮೂರನೆಯದು, ಪೂರ್ತಿ ಪ್ರತ್ಯೇಕ. ಬೈಕು ನುಗ್ಗುವ ಕಡೆ ಕಾರಿನ ಸಾಲಿನ ವೇಗ ಅರ್ಧಕ್ಕೆ ಇಳಿಯುತ್ತದೆ. ಬಸ್ಸುಗಳನ್ನು ಹೊರಬಾಯಿಗೆ ಹತ್ತಿರ ನಿಲ್ಲಿಸಿ ಮೊದಲು ಬಿಡಿ. ಬಸ್ಸಿನವರು ಬೇಗ ಮನೆ ಸೇರುತ್ತಾರೆ ಎಂಬ ಸುದ್ದಿ ಹಬ್ಬಿದರೆ ಮುಂದಿನ ಸಲ ಕಾರು ತಾನಾಗಿ ಕಡಿಮೆಯಾಗುತ್ತದೆ. ಕೆಎಸ್‌ಆರ್‌ಟಿಸಿಯ ಚಿಕ್ಕಬಳ್ಳಾಪುರ ವಿಭಾಗದಲ್ಲಿ ಒಪ್ಪಂದದ ಬಸ್ಸಿಗೆ ಮೊದಲೇ ಕೇಳಿಟ್ಟುಕೊಳ್ಳಿ. ಇನ್ನೊಂದು ಉಪಾಯ ಕಾರ್ಯಕ್ರಮದ ಪಟ್ಟಿಯಲ್ಲೇ ಇದೆ. ದೊಡ್ಡ ಗಾಯಕರನ್ನು 9.15ಕ್ಕೆ ಮುಗಿಸಿ, ಆಮೇಲೆ ಹತ್ತರವರೆಗೆ ತಮಟೆಯೋ ತತ್ವಪದವೋ ಇರಲಿ. ಊಟದ ಮಳಿಗೆ 11ರವರೆಗೆ ತೆರೆದಿರಲಿ. ಮೂರರಲ್ಲಿ ಒಂದು ಪಾಲು ಜನ ಮೊದಲೇ ಹೊರಡುತ್ತಾರೆ, ಒಂದು ಪಾಲು ತಿಂದು ಹೊರಡುತ್ತಾರೆ. ತಮಟೆಯವರನ್ನು ಟ್ರಾಫಿಕ್ಕಿಗಾಗಿ ಕರೆಸಿದಿರಿ ಎಂದು ಮಾತ್ರ ಅವರಿಗೆ ಹೇಳಬೇಡಿ.

ಹೆದ್ದಾರಿ 44ರಲ್ಲಿ ಡಿವೈಡರ್ ಇದೆ. ನಿಮ್ಮ ಜಮೀನು ಹೈದರಾಬಾದ್ ಕಡೆಗೆ ಹೋಗುವ ಎಡಬದಿಗಿದ್ದರೆ ಬೆಂಗಳೂರಿನಿಂದ ಒಳಬರುವುದು ಸುಲಭ, ಆದರೆ ವಾಪಸು ಹೋಗುವವರು ಮುಂದೆ ಹೋಗಿ ಅಂಡರ್‌ಪಾಸಿನಲ್ಲಿ ತಿರುಗಬೇಕು. ‘ಎಡಕ್ಕೆ ಮಾತ್ರ’ ಎಂದು ಕೋನ್ ಸಾಲಿಟ್ಟು ಬಲಕ್ಕೆ ತಿರುಗುವುದನ್ನು ಮುಚ್ಚದಿದ್ದರೆ, ಸರ್ವಿಸ್ ರಸ್ತೆಯಲ್ಲಿ ಎದುರುಮುಖವಾಗಿ ಹೋಗುವ ಮೊದಲ ಕಾರಿನ ಹಿಂದೆ ನೂರು ಕಾರು ಹೋಗುತ್ತವೆ. ಅಂಡರ್‌ಪಾಸಿನ ಎತ್ತರವನ್ನು ಖುದ್ದಾಗಿ ಅಳೆಯಿರಿ. ಕಾರು ಹೋಗುವ ಎಲ್ಲ ಕಡೆ ಬಸ್ಸು ಹೋಗುವುದಿಲ್ಲ, ವೇದಿಕೆಯ ಸಾಮಾನು ತರುವ ಕಂಟೇನರ್ ಅಂತೂ ಹೋಗುವುದೇ ಇಲ್ಲ.

ಪ್ಲಾನಿನಲ್ಲಿ ಇರಬೇಕಾದ್ದು: ಅಳತೆಯಿರುವ ಒಂದು ನಕ್ಷೆ, ಗಂಟೆವಾರು ಒಳಬರುವ–ಹೊರಹೋಗುವ ಗಾಡಿಗಳ ಪಟ್ಟಿ, ಎಲ್ಲೆಲ್ಲಿ ಯಾರು ಎಷ್ಟು ಹೊತ್ತು ನಿಲ್ಲುತ್ತಾರೆ, ಬೋರ್ಡು ಎಲ್ಲೆಲ್ಲಿ, ಮಳೆ ಬಂದರೆ ಏನು, ಕಾರ್ಯಕ್ರಮ ಅರ್ಧಕ್ಕೆ ನಿಂತರೆ ಏನು. ಕೊನೆಯದನ್ನು ಬಹಳ ಮಂದಿ ಬರೆಯುವುದಿಲ್ಲ. ಹೆದ್ದಾರಿಗೆ ಹೊಸ ದಾರಿ ತೆರೆಯಬೇಕಾದರೆ ಹೆದ್ದಾರಿ ಪ್ರಾಧಿಕಾರದ ಅನುಮತಿ ಬೇಕೇಬೇಕು, ಬದು ಕಡಿದು ಸೇರಿಸಿಕೊಳ್ಳುವಂತಿಲ್ಲ. ಮಾರ್ಗ ಬದಲಾವಣೆ ಬೇಕಿದ್ದರೆ ಆದೇಶ ಹೊರಡಿಸುವುದು ಜಿಲ್ಲಾಡಳಿತ, ಮೋಟಾರು ವಾಹನ ಕಾಯ್ದೆ 1988ರ ಕಲಂ 115ರಡಿ. ಒಂದು ತಿಂಗಳೊಳಗಿನ ನಿರ್ಬಂಧಕ್ಕೆ ಗೆಜೆಟ್ ಪ್ರಕಟಣೆ ಬೇಡ, ಆದರೆ ಸ್ಥಳೀಯವಾಗಿ ಪ್ರಚಾರ ಮಾಡಲೇಬೇಕು. ಎರಡು ತಿಂಗಳು ಮೊದಲೇ ಹೋಗಿ. ಆವಲಗುರ್ಕಿಯ ಆದಿಯೋಗಿ ನೋಡಲು ಶನಿವಾರ ಸಂಜೆ ಬರುವ ಗಾಡಿಗಳೂ ನಿಮ್ಮ ಗಾಡಿಗಳೂ ಒಂದೇ ಹೊತ್ತಿಗೆ ಅದೇ ಹೆದ್ದಾರಿಯಲ್ಲಿರುತ್ತವೆ ಎಂಬುದನ್ನು ನೀವಾಗಿಯೇ ಬರೆದುಕೊಡಿ.

ಪ್ರಶ್ನೆ: ಇಂಥದೇ ಒಂದು ಕಾರ್ಯಕ್ರಮಕ್ಕೆ ನಮ್ಮ ನಾಲ್ಕು ಎಕರೆ ರಾಗಿ ಹೊಲವನ್ನು ಎರಡು ದಿನ ಪಾರ್ಕಿಂಗಿಗೆ ಕೇಳುತ್ತಿದ್ದಾರೆ. ಕಟಾವು ಮುಗಿದಿದೆ. ಕೊಡಬಹುದೇ?
— ರೈತರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಕೊಡಬಹುದು, ಆದರೆ ಕೂಳೆ ಇದ್ದಂತೆಯೇ ಕೊಡಬೇಡಿ. ದೂರದಿಂದ ಓಡಿಬಂದ ಕಾರಿನ ಸೈಲೆನ್ಸರ್ ಕೊಳವೆ ಕೆಂಡದಂತೆ ಕಾದಿರುತ್ತದೆ, ಒಣಗಿದ ಕೂಳೆ ಅದಕ್ಕೆ ತಾಗಿದರೆ ಬೆಂಕಿ. ಸಾಲಾಗಿ ನಿಂತ ಕಾರುಗಳಲ್ಲಿ ಅದು ಒಂದಕ್ಕೇ ನಿಲ್ಲುವುದಿಲ್ಲ. ಕೂಳೆಯನ್ನು ನೆಲಮಟ್ಟಕ್ಕೆ ಕೊಯ್ಸಿ ಹೊರಹಾಕಿಸಿ, ಮೂಲೆಯಲ್ಲಿ ಒಂದು ನೀರಿನ ಟ್ಯಾಂಕರ್ ನಿಲ್ಲಿಸಲು ಹೇಳಿ. ಆದರೆ ಉಳಬೇಡಿ, ಉತ್ತ ಹೊಲದಲ್ಲಿ ಕಾರು ಹೂತುಕೊಳ್ಳುತ್ತದೆ.

ಕೆಂಪು ಮಣ್ಣು ಒಣಗಿದ್ದಾಗ ಒಳ್ಳೆಯ ನೆಲ. ಒಂದು ಮಳೆ ಬಿದ್ದರೆ ಮಾತ್ರ ಗೇಟಿನ ಹತ್ತಿರ, ಎಲ್ಲ ಚಕ್ರವೂ ಒಂದೇ ಕಡೆ ತುಳಿಯುವ ಜಾಗದಲ್ಲಿ, ಅರ್ಧ ಗಂಟೆಯಲ್ಲಿ ಕೆಸರು. ಅಲ್ಲಿ 30 ಮೀಟರ್ ಉದ್ದ, 6 ಮೀಟರ್ ಅಗಲಕ್ಕೆ ಅರ್ಧ ಅಡಿ ಗ್ರಾವೆಲ್ ಹಾಸಿ ರೋಲರ್ ಹೊಡೆಸಬೇಕು. ಆರು ಚಕ್ರದ ಟಿಪ್ಪರ್‌ನಲ್ಲಿ ಏಳೆಂಟು ಲೋಡು. ಆ ಗ್ರಾವೆಲ್ ಆಮೇಲೆ ತೆಗೆಯುವವರು ಯಾರು ಎಂದು ಕರಾರಿನಲ್ಲೇ ಬರೆಸಿ. ಹನಿ ನೀರಾವರಿಯ ಪೈಪು ಸುತ್ತಿಡಿ. ಹೂತಿರುವ ಪಿವಿಸಿ ಪೈಪಿನ ಮೇಲೆ ಬಸ್ಸು, ಟ್ಯಾಂಕರ್ ಹೋಗದಂತೆ ಸುಣ್ಣದ ಗೆರೆ ಎಳೆಯಿರಿ. ಬೋರ್‌ವೆಲ್ ಕೇಸಿಂಗಿನ ಸುತ್ತ ಬೇಲಿ ಕಟ್ಟಿ, ವಿಫಲವಾದ ಕೊಳವೆ ಬಾವಿ ತೆರೆದಿದ್ದರೆ ಇವತ್ತೇ ಮುಚ್ಚಿಸಿ. ಮೇಲೆ ಕರೆಂಟ್ ತಂತಿ ಹಾದಿದ್ದರೆ ಲೈಟಿನ ಕಂಬವನ್ನು ಅದರ ಕೆಳಗೆ ಎತ್ತಲು ಬಿಡಬೇಡಿ.

ಬಾಡಿಗೆಗಿಂತ ಠೇವಣಿ ಮುಖ್ಯ. ಕಡಿದ ಬದು ಮತ್ತೆ ಕಟ್ಟಿಸುವುದು, ಕಸ ಆರಿಸುವುದು, ಅದರಲ್ಲೂ ಒಡೆದ ಬಾಟಲಿ ಗಾಜು. ಅದು ದನದ ಗೊರಸಿಗೂ ಕಳೆ ಕೀಳುವವರ ಕಾಲಿಗೂ ಮುಂದಿನ ಮುಂಗಾರಿನವರೆಗೆ ಕಾಯುತ್ತದೆ. ಹೊಲವನ್ನು ನೀವು ನಡೆದು ನೋಡಿದ ಮೇಲೆಯೇ ಠೇವಣಿ ವಾಪಸು. ಗಾಡಿ ತುಳಿದು ಗಟ್ಟಿಯಾದ ನೆಲವನ್ನು ಹದ ನೋಡಿ ಆಳವಾಗಿ ಉಳುಮೆ ಮಾಡಿಸಿ, ಹಸಿಯಲ್ಲಿ ಉತ್ತರೆ ಬರೀ ಹೆಂಟೆ ಏಳುತ್ತದೆ.

ಪ್ರಶ್ನೆ: ಉತ್ಸವದ ದಿನ ನಮ್ಮೂರಿನ ರಸ್ತೆ ಮುಚ್ಚುತ್ತಾರಂತೆ. ಡೇರಿಯ ಹಾಲು, ಮಾರನೆ ದಿನದ ಹೂವು, ರೇಷ್ಮೆಗೂಡು ಹೇಗೆ ಸಾಗಿಸುವುದು?
— ಗ್ರಾಮಸ್ಥರು, ಚಿಕ್ಕಬಳ್ಳಾಪುರ ತಾಲ್ಲೂಕು

ಉತ್ತರ: ‘ಸ್ಥಳೀಯರಿಗೆ ಬಿಡುತ್ತೇವೆ’ ಎಂಬ ಬಾಯಿಮಾತಿಗೆ ಒಪ್ಪಬೇಡಿ. ಬ್ಯಾರಿಕೇಡಿನಲ್ಲಿ ನಿಲ್ಲುವ ಕಾನ್‌ಸ್ಟೇಬಲ್ ಬಂದೋಬಸ್ತಿಗೆ ಬೇರೆ ಠಾಣೆಯಿಂದ ಬಂದವರಿರುತ್ತಾರೆ, ನಿಮ್ಮ ಮುಖ ಅವರಿಗೆ ಗೊತ್ತಿರುವುದಿಲ್ಲ. ಗ್ರಾಮ ಪಂಚಾಯಿತಿಯಿಂದ ಗಾಡಿ ನಂಬರುಗಳ ಪಟ್ಟಿ ಮಾಡಿಸಿ ಠಾಣೆಗೂ ಪ್ರತಿ ಬ್ಯಾರಿಕೇಡಿಗೂ ಕೊಡಿಸಿ. ಬರೀ ಮುದ್ರಿಸಿದ ಪಾಸು ಸಾಲದು, ಮಧ್ಯಾಹ್ನದೊಳಗೆ ಅದರ ಜೆರಾಕ್ಸ್ ಬೆಂಗಳೂರಿನ ಕಾರಿನ ಗಾಜಿನಲ್ಲೂ ಇರುತ್ತದೆ.

ಹಾಲಿನ ವ್ಯಾನ್ ಸಂಜೆ ಬರುವ ಹೊತ್ತು ನಿಖರವಾಗಿ ಬರೆದುಕೊಡಿ, ಅದೇ ಜನ ಬರುವ ಭರಾಟೆಯ ಹೊತ್ತು. ವ್ಯಾನಿಗೆ ಎದುರು ದಿಕ್ಕಿನಿಂದ ಸುತ್ತುದಾರಿ ಇದ್ದರೆ ಮೊದಲೇ ಒಂದು ಸಲ ಓಡಿಸಿ ನೋಡಲಿ. ಹೂವು, ಗೂಡು ಹೊರಡುವುದು ನಸುಕಿನಲ್ಲಿ. ಹಿಂದಿನ ರಾತ್ರಿಯ ಬ್ಯಾರಿಕೇಡನ್ನು ರಸ್ತೆಯಲ್ಲೇ ಬಿಟ್ಟು ಮಲಗಿದರೆ ನಿಮಗೆ ತೊಂದರೆ. ಬೆಳಗಿನ ಜಾವ 3 ಗಂಟೆಯೊಳಗೆ ತೆಗೆಯಬೇಕು, ತೆಗೆಯುವವರ ಹೆಸರು ಇಂಥದು ಎಂದು ಬರೆಸಿಕೊಳ್ಳಿ.

ಮ್ಯಾಪ್ ಆ್ಯಪ್ ವಿಷಯವನ್ನೂ ಸಂಘಟಕರಿಗೆ ಹೇಳಿ. ವೇದಿಕೆಯ ಮೇಲೆ ಪಿನ್ ಹಾಕಿದರೆ ಆ್ಯಪ್ ಹತ್ತಿರದ ದಾರಿ ಹುಡುಕಿ ನಿಮ್ಮೂರ ಗಲ್ಲಿಗೇ ಕಾರು ಕಳಿಸುತ್ತದೆ. ಪಿನ್ ಇರಬೇಕಾದ್ದು ಪಾರ್ಕಿಂಗ್ ಗೇಟಿನ ಮೇಲೆ.

ಪ್ರಶ್ನೆ: ನಮ್ಮ ಕಾಲೇಜಿನ 60 ಹುಡುಗರು ಸ್ವಯಂಸೇವಕರಾಗಿ ಟ್ರಾಫಿಕ್ ನೋಡಿಕೊಳ್ಳಬಹುದೇ? ಆಂಬ್ಯುಲೆನ್ಸ್ ದಾರಿಗೆ ಎಷ್ಟು ಅಗಲ ಬಿಡಬೇಕು?
— ಉಪನ್ಯಾಸಕರು, ಗೌರಿಬಿದನೂರು

ಉತ್ತರ: ಸಾರ್ವಜನಿಕ ರಸ್ತೆಯಲ್ಲಿ ಗಾಡಿ ನಿಲ್ಲಿಸುವ ಕೆಲಸ ಪೊಲೀಸರದು, ಅವರ ಜೊತೆಗೆ ಗೃಹರಕ್ಷಕರು. ಹುಡುಗರು ಜಮೀನಿನೊಳಗೆ ಮಾತ್ರ. ಅಲ್ಲಿ ಕೆಲಸಕ್ಕೇನೂ ಕಡಿಮೆಯಿಲ್ಲ. ಒಂದು ಸಾಲಿಗೆ ಮೂವರು ಬೇಕು: ಒಬ್ಬ ಒಳದಾರಿಯ ಬಾಯಲ್ಲಿ, ಒಬ್ಬ ಸಾಲಿನ ತಿರುವಿನಲ್ಲಿ, ಒಬ್ಬ ಕಾರು ನಿಲ್ಲುವ ಜಾಗದಲ್ಲಿ ಕೈಯೆತ್ತಿ. ಸಾಲಿನ ಮೊದಲ ಕಾರು ಗೂಟಕ್ಕೆ ನೇರವಾಗಿ ನಿಲ್ಲುವವರೆಗೆ ಚಾಲಕನನ್ನು ಇಳಿಯಲು ಬಿಡಬಾರದು. ಅದು ಸೊಟ್ಟ ನಿಂತರೆ ಹಿಂದಿನ ನಲವತ್ತೂ ಸೊಟ್ಟ, ಎಂಟು ಕಾರಿನ ಜಾಗ ಹೋಯಿತು. ಒಂದು ಸಾಲು ತುಂಬುವ ತನಕ ಇನ್ನೊಂದನ್ನು ತೆರೆಯಬೇಡಿ. ಸಾಲುಗಳಿಗೆ ಬರೀ ನಂಬರ್ ಬೇಡ, ಆನೆ, ನವಿಲು, ತೆಂಗು ಎಂದು ಚಿತ್ರದ ಬೋರ್ಡು ಎತ್ತರಕ್ಕೆ ಕಟ್ಟಿ. ರಾತ್ರಿ ಕಾರು ಸಿಗದೆ ಅಲೆಯುವವರು ಹೊರಹೋಗುವ ಸಾಲಿಗೆ ಅಡ್ಡ ಬರುವುದು ಕಡಿಮೆಯಾಗುತ್ತದೆ.

ಹೊಳೆಯುವ ಜಾಕೆಟ್, ಸೀಟಿ, ಕೆಂಪು ಬೆಳಕಿನ ಬ್ಯಾಟನ್ ಕೊಡಿ, ಫೋನ್ ನಂಬದೆ ವಾಕಿಟಾಕಿ ಬಾಡಿಗೆಗೆ ತನ್ನಿ. ಪಾಳಿ ನಾಲ್ಕು ಗಂಟೆಗಿಂತ ಹೆಚ್ಚು ಬೇಡ. ಎಲ್ಲೆಡೆ ನಡೆಯುವ ಒಂದು ಎಡವಟ್ಟು: ಸಂಜೆ ಏಳಕ್ಕೆ ಪಾರ್ಕಿಂಗ್ ತುಂಬಿತು ಎಂದು ಹುಡುಗರೆಲ್ಲ ವೇದಿಕೆಯ ಮುಂದೆ ಹೋಗುತ್ತಾರೆ, ಹತ್ತು ಗಂಟೆಗೆ ಹೊಲದಲ್ಲಿ ಒಬ್ಬನೂ ಇರುವುದಿಲ್ಲ. ರಾತ್ರಿಯ ಪಾಳಿಗೆ 25 ಹುಡುಗರನ್ನು ಬೇರೆಯಾಗಿ ಇಡಿ, ಅವರು ಸಂಜೆ ಎಂಟಕ್ಕೆ ಊಟ ಮುಗಿಸಿ ಬರಲಿ. ಹಾಡು ಕೇಳಲೇಬೇಕೆನ್ನುವವರನ್ನು ಮಧ್ಯಾಹ್ನದ ಪಾಳಿಗೆ ಹಾಕಿ.

ಆಂಬ್ಯುಲೆನ್ಸಿಗೆ ಕನಿಷ್ಠ 4 ಮೀಟರ್, ಅಗ್ನಿಶಾಮಕ ವಾಹನವೂ ಬರಬೇಕಾದ್ದರಿಂದ 6 ಇದ್ದರೆ ಒಳ್ಳೆಯದು. ಅದು ಪಾರ್ಕಿಂಗಿನ ದಾರಿಯೇ ಆಗಿರಬಾರದು, ಬೇರೆ ರಸ್ತೆಗೆ ಹೊರಬೀಳಬೇಕು. ಹಗ್ಗ ಕಟ್ಟಿ ಬಿಟ್ಟರೆ ಅಲ್ಲಿ ಗಣ್ಯರ ಕಾರು ನಿಂತಿರುತ್ತದೆ, ಆದ್ದರಿಂದ ಎರಡು ತುದಿಯಲ್ಲೂ ಒಬ್ಬೊಬ್ಬರು ಬೇಕು. 108ಕ್ಕೆ ಕರೆ ಮಾಡುವವರು ‘ಉತ್ಸವದ ಮೈದಾನ’ ಎಂದರೆ ಸಾಲದು, ಯಾವ ಗೇಟು, ಯಾವ ರಸ್ತೆ ಕಡೆಯಿಂದ ಎಂದು ಹೇಳಬೇಕು. ಆ ಒಂದು ಸಾಲನ್ನು ಚೀಟಿಯಲ್ಲಿ ಬರೆದು ಎಲ್ಲ ಹುಡುಗರ ಜೇಬಿಗೂ ಹಾಕಿ. ಹೆದ್ದಾರಿಯ ಮೇಲೆ ಗಾಡಿ ಕೆಟ್ಟರೆ 1033. ಕೆಟ್ಟ ಕಾರು ಎಳೆಯಲು ಹಗ್ಗದ ಸಮೇತ ಒಂದು ಟ್ರ್ಯಾಕ್ಟರ್ ಪ್ರತಿ ಹೊರಬಾಯಿಯಲ್ಲೂ ನಿಂತಿರಲಿ, ಚಾಲಕನೂ ಅದರ ಮೇಲೇ ಕೂತಿರಲಿ.