ಮಣ್ಣಿನ ಉತಾರ ಯಾರು ಕೊಡುತ್ತಾರೆ?

ಟಿಳಕವಾಡಿಯ ಓದುಗರೊಬ್ಬರು ಬರೆದಿದ್ದಾರೆ: ‘ಬೆಳಗಾವಿ ಊರೊಳಗೆ ಮುಚ್ಚಿದ ಕಾರ್ಖಾನೆ, ಹಳೇ ವರ್ಕ್‌ಶಾಪುಗಳ ಜಾಗ ಸುಮ್ನೆ ಬಿದ್ದಿದೆ. ಅಲ್ಲಿ ಬೇಗ ಮನೆ, ಮಾರ್ಕೆಟ್ ಕಟ್ಟಲಿ. ವಿಷ ಇದೆ, ಪರೀಕ್ಷೆ ಆಗಬೇಕು ಅಂತ ಅಡ್ಡಗಾಲು ಹಾಕುವುದು ಯಾಕೆ? ಬಿಲ್ಡರ್‌ಗಳು ಹೇಗೂ ಸಾಯಿಲ್ ಟೆಸ್ಟ್ ಮಾಡಿಸುತ್ತಾರೆ. ನೀವೇನಂತೀರಿ?’

ನಮಸ್ಕಾರ. ಮೊದಲ ಮಾತನ್ನು ಒಪ್ಪಿದೆ. ಊರು ಹೊರಗೆ ಹರಡಿದಷ್ಟೂ ವಡಗಾವಿ, ಯಳ್ಳೂರ ಕಡೆಯ ಬಾಸುಮತಿ ಭತ್ತದ ಹೊಲಗಳು ಪ್ಲಾಟ್ ಆಗುತ್ತವೆ. ಊರೊಳಗಿನ ಹಳೇ ಜಾಗದಲ್ಲಿ ಕಟ್ಟಿದರೆ ಒಂದಷ್ಟು ಹೊಲ ಉಳಿಯುತ್ತದೆ.

ಆದರೆ ‘ಹೇಗೂ ಸಾಯಿಲ್ ಟೆಸ್ಟ್ ಮಾಡಿಸುತ್ತಾರೆ’ ಅಂದಿರಲ್ಲ, ಅಲ್ಲೇ ನೀವು ಎಡವಿದ್ದು. ಆ ಟೆಸ್ಟ್ ನೆಲ ಎಷ್ಟು ಭಾರ ತಾಳುತ್ತದೆ ಅಂತ ಹೇಳುತ್ತದೆ, ಅಷ್ಟೇ. ಮಣ್ಣಲ್ಲಿ ಸೀಸ ಇದೆಯಾ, ಕ್ರೋಮಿಯಂ ಇದೆಯಾ, ಎಣ್ಣೆ ಎಷ್ಟು ಆಳಕ್ಕೆ ಇಳಿದಿದೆ ಅಂತ ಅದನ್ನು ಯಾರೂ ಕೇಳಿರುವುದಿಲ್ಲ. ಆರು ಮಹಡಿ ಹೊರುವ ಗಟ್ಟಿ ನೆಲದಲ್ಲೂ ವಿಷ ಇರಬಹುದು.

ನಮ್ಮ ಊರಿನ ಕಸುಬುಗಳನ್ನೇ ನೋಡಿ. ಫೌಂಡ್ರಿಯಲ್ಲಿ ಎರಕ ಹೊಯ್ದ ಮೇಲೆ ಉಳಿಯುವ ಮರಳಲ್ಲಿ ಅಂಟಿನ ರಾಸಾಯನಿಕ, ಲೋಹದ ಪುಡಿ ಇರುತ್ತದೆ. ಪ್ಲೇಟಿಂಗ್, ಅಂದರೆ ಲೋಹಕ್ಕೆ ಹೊಳಪಿನ ಲೇಪ ಕೊಡುವ ತೊಟ್ಟಿಯ ನೀರಲ್ಲಿ ಕ್ರೋಮಿಯಂ. ಬಿಡಿಭಾಗಗಳ ಜಿಡ್ಡು ತೆಗೆಯಲು ಟ್ರೈಕ್ಲೋರೋಎಥಿಲೀನ್ ಬಳಸುತ್ತಿದ್ದರು. ಅದು ನೀರಿಗಿಂತ ಭಾರ, ನೆಲಕ್ಕೆ ಚೆಲ್ಲಿದರೆ ಅಂತರ್ಜಲದ ತಳಕ್ಕೇ ಇಳಿದು ಕೂರುತ್ತದೆ. ಇಂಥ ಒಂದು ಶೆಡ್ಡಿನಲ್ಲಿ ಬಹಳ ವರ್ಷ ದುಡಿದ ಹಿರಿಯರೊಬ್ಬರನ್ನು ಪ್ಲೇಟಿಂಗ್ ನೀರಿನ ಬಗ್ಗೆ ಕೇಳಿದ್ದೆ. ‘ಹಿತ್ತಲದಾಗ ತೆಗ್ಗ ಇತ್ರೀ, ಅದಕ್ಕ ಬಿಡ್ತಿದ್ವಿ. ಆಗ ಯಾರಿಗಿ ಏನ್ ಗೊತ್ತಿತ್ರೀ?’ ಅಂದರು. ಆ ತೆಗ್ಗು ಯಾವ ನಕ್ಷೆಯಲ್ಲೂ ಇಲ್ಲ. ಅದರ ಮೇಲೆ ನಾಳೆ ಬೋರ್‌ವೆಲ್ ಬೀಳಬಹುದು. ಕುಡಿಯುವ ನೀರಲ್ಲಿ ಲೀಟರಿಗೆ 0.05 ಮಿಲಿಗ್ರಾಂಗಿಂತ ಜಾಸ್ತಿ ಕ್ರೋಮಿಯಂ ಇರಬಾರದು ಅನ್ನುತ್ತದೆ ನಮ್ಮ ದೇಶದ ಮಾನದಂಡ. ಅಷ್ಟು ಸಣ್ಣ ಪ್ರಮಾಣ ಕಣ್ಣಿಗೂ ಕಾಣಲ್ಲ, ನಾಲಿಗೆಗೂ ತಿಳಿಯಲ್ಲ.

ನೀವಿರುವ ಟಿಳಕವಾಡಿಯಲ್ಲೇ 1924ರ ಅಧಿವೇಶನಕ್ಕೆ ತೋಡಿದ ಕಾಂಗ್ರೆಸ್ ಬಾವಿ ಇದೆ. 1995ರ ಬರದಲ್ಲಿ ಈ ಊರು ಹಳೇ ಬಾವಿಗಳ ಹೂಳೆತ್ತಿ ನೀರು ಕಂಡುಕೊಂಡಿತು. ಮತ್ತೆ ಬರ ಬಂದಾಗಲೂ ನಾವು ನೋಡುವುದು ಇದೇ ನೆಲದಡಿಯ ನೀರನ್ನೇ ಅಲ್ವಾ?

ಅಮೆರಿಕದ ನಯಾಗರಾ ಫಾಲ್ಸ್ ಊರಿನ ಲವ್ ಕೆನಾಲ್ ಕಥೆ ನಿಮಗೆ ಹೇಳಲೇಬೇಕು. ಒಂದು ರಾಸಾಯನಿಕ ಕಂಪನಿ ಅಲ್ಲಿ ಸುಮಾರು 21,000 ಟನ್ ತ್ಯಾಜ್ಯ ಹೂತು, 1953ರಲ್ಲಿ ಆ ಜಾಗವನ್ನು ಶಾಲಾ ಮಂಡಳಿಗೆ ಒಂದು ಡಾಲರಿಗೆ ಕೊಟ್ಟಿತು. ಕೆಳಗೆ ರಾಸಾಯನಿಕ ಇದೆ ಅಂತ ಕ್ರಯಪತ್ರದಲ್ಲೇ ಬರೆದಿತ್ತು. ಆದರೂ ಶಾಲೆ ಕಟ್ಟಿದರು, ಸುತ್ತ ಮನೆಗಳೂ ಎದ್ದವು. 1978ರಲ್ಲಿ ತುರ್ತುಸ್ಥಿತಿ ಘೋಷಿಸಿ ಜನರನ್ನು ಎಬ್ಬಿಸಬೇಕಾಯಿತು. ಇಂಥ ವಿಷದ ಜಾಗಗಳನ್ನು ಶುದ್ಧ ಮಾಡಿಸುವ 1980ರ ಸೂಪರ್‌ಫಂಡ್ ಕಾಯ್ದೆ ಹುಟ್ಟಿದ್ದು ಆ ಸಂಕಟದಿಂದ. ಅಲ್ಲಿ ಕಾಗದದ ಮೇಲಾದರೂ ಒಂದು ಸಾಲು ಇತ್ತು. ನಮ್ಮ ಸಿಟಿಎಸ್ ಉತಾರದಲ್ಲಿ, ಅಂದರೆ ಊರೊಳಗಿನ ಆಸ್ತಿಯ ಸರಕಾರಿ ದಾಖಲೆಯಲ್ಲಿ, ಮಾಲೀಕರ ಹೆಸರಿದೆ, ಕ್ಷೇತ್ರವಿದೆ, ಸಾಲದ ಬೋಜಾ ಇದೆ. ಆ ನೆಲದಲ್ಲಿ ಏನು ನಡೆದಿತ್ತು ಅನ್ನುವುದಕ್ಕೆ ಕಾಲಮ್ಮೇ ಇಲ್ಲ.

ಪರೀಕ್ಷೆ ಅಂದರೆ ಕಟ್ಟಡ ನಿಲ್ಲಿಸುವುದು ಅಂತ ದಯವಿಟ್ಟು ತಿಳಿಯಬೇಡಿ. ಮೊದಲು ಹಳೇ ಲೈಸೆನ್ಸು, ನಕ್ಷೆ ತೆಗೆದು ನೋಡುತ್ತಾರೆ. ದುಡಿದವರನ್ನು ಮಾತಾಡಿಸುತ್ತಾರೆ, ಜಾಗ ಸುತ್ತುತ್ತಾರೆ. ಅನುಮಾನ ಬಂದ ಕಡೆ ಮಾತ್ರ ಕೊರೆದು ಮಣ್ಣು, ನೀರು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಎಷ್ಟೋ ಸಲ ಕೆಟ್ಟಿರುವುದು ಒಂದು ಮೂಲೆ ಅಷ್ಟೇ. ಆ ಮೂಲೆಯ ಮಣ್ಣು ತೆಗೆಯಬಹುದು, ತೊಳೆಯಬಹುದು, ಅಥವಾ ಮುಚ್ಚಿ ಪಾರ್ಕಿಂಗ್ ಮಾಡಿ ಅಲ್ಲಿ ಬೋರ್ ಹಾಕದಂತೆ ನೋಡಿಕೊಳ್ಳಬಹುದು. ಲಂಡನ್ನಿನಲ್ಲಿ 2012ರ ಒಲಿಂಪಿಕ್ ಪಾರ್ಕ್ ಕಟ್ಟುವ ಮೊದಲು ಸುಮಾರು 20 ಲಕ್ಷ ಟನ್ ಮಣ್ಣು ಶುದ್ಧ ಮಾಡಿದರು. ಅದರಲ್ಲಿ ಬಹುಪಾಲನ್ನು ಅಲ್ಲೇ ಮತ್ತೆ ಬಳಸಿದರು.

ನಮ್ಮಲ್ಲೂ ಈಗ ಕಾನೂನಿದೆ. 2025ರ ಜುಲೈನಲ್ಲಿ ಕೇಂದ್ರ ಸರಕಾರ ಕಲುಷಿತ ಸ್ಥಳಗಳ ನಿರ್ವಹಣೆಗೆ ನಿಯಮ ತಂದಿದೆ. ಅನುಮಾನದ ಜಾಗಗಳ ಬಗ್ಗೆ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದಲ್ಲಿ ಮೊದಲ ಪರಿಶೀಲನೆ ಮುಗಿಸಬೇಕು. ಕೆಡಿಸಿದವರೇ ಶುದ್ಧೀಕರಣದ ಖರ್ಚು ಕೊಡಬೇಕು. ಆದರೆ ಜಿಲ್ಲಾಡಳಿತಕ್ಕೆ ಅನುಮಾನ ಬರುವುದಾದರೂ ಹೇಗೆ? ಕಾರ್ಖಾನೆ ಮುಚ್ಚಿದಾಗ ಯಂತ್ರ ಗುಜರಿಗೆ ಹೋಗುತ್ತದೆ, ಕಡತ ರದ್ದಿಗೆ ಹೋಗುತ್ತದೆ, ಕೆಲಸಗಾರರು ಊರು ಸೇರುತ್ತಾರೆ. ನನ್ನ ಸಿಟ್ಟಿರುವುದು ಇದರ ಮೇಲೆ. ಗುಮ್ಮಟ, ಕೋಟೆಗಳ ಇತಿಹಾಸ ಬರೆಯುವ ನಾವು ನಮ್ಮ ಅಪ್ಪಂದಿರು ದುಡಿದ ಶೆಡ್ಡುಗಳ ಬಗ್ಗೆ ಒಂದು ಪುಟವನ್ನೂ ಬರೆದಿಡಲಿಲ್ಲ. ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ನಮ್ಮೂರಲ್ಲೇ ಇದೆ. ಇಂಜಿನಿಯರಿಂಗ್ ಹುಡುಗರ ಫೈನಲ್ ಇಯರ್ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೇ ಕೆಲಸ ಯಾವುದಿದೆ?

ನೀವು ಊರಿನ ಬಗ್ಗೆ ಕಾಳಜಿಯಿಂದ ಬರೆದವರು, ಅದಕ್ಕೇ ಒಂದು ಕೆಲಸ ಒಪ್ಪಿಸುತ್ತೇನೆ. ಅಂಥ ಜಾಗದಲ್ಲಿ ಫ್ಲ್ಯಾಟ್ ನೋಡಲು ಹೋದರೆ ಸಾಯಿಲ್ ರಿಪೋರ್ಟ್ ಕೇಳಿ. ಅದರಲ್ಲಿ ಸೀಸ, ಕ್ರೋಮಿಯಂ, ಎಣ್ಣೆಯ ಲೆಕ್ಕ ಇದೆಯಾ ನೋಡಿ. ಇಲ್ಲದಿದ್ದರೆ ಅದನ್ನು ತರಿಸುವವರೆಗೆ ಅಡ್ವಾನ್ಸ್ ಕೊಡಬೇಡಿ. ಫೌಂಡ್ರಿ, ಪ್ಲೇಟಿಂಗ್, ಬಣ್ಣದ ಕೆಲಸ ಮಾಡಿದ ಓದುಗರು ಯಾರಾದರೂ ಇದ್ದರೆ, ತೊಟ್ಟಿ ಎಲ್ಲಿತ್ತು, ಎಣ್ಣೆ ಟ್ಯಾಂಕ್ ಎಲ್ಲಿತ್ತು, ಮರಳು ಎಲ್ಲಿ ಸುರಿಯುತ್ತಿದ್ದರು ಅಂತ ಒಂದು ನಕ್ಷೆ ಬರೆದು ನಮಗೆ ಕಳಿಸಿ. ಹೆಸರು ಬೇಡ ಅಂದರೆ ಹಾಕುವುದಿಲ್ಲ.

– ಸಂಪಾದಕ