ಬಹುಮಾನದ ಪ್ರವಾಸ ಯಾವಾಗಲೂ ಹವಾಯಿಗೇ ಯಾಕೆ?

ಅಮೆರಿಕದ ಒಮಾಹಾದಲ್ಲಿರುವ ಮಗಳ ಮನೆಗೆ ಹೋಗಿದ್ದ ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: "ಬೆಳಿಗ್ಗೆ ಟಿವಿಯಲ್ಲಿ 'ದಿ ಪ್ರೈಸ್ ಈಸ್ ರೈಟ್' ನೋಡುತ್ತಿದ್ದೆವು. ಗೆದ್ದವರಿಗೆ ಹವಾಯಿ, ಫ್ಲಾರಿಡಾ, ಲಾಸ್ ವೇಗಸ್ ಪ್ರವಾಸ. ಮಗಳಿರುವ ನೆಬ್ರಾಸ್ಕಾದ ಹೆಸರು ಒಂದು ಸಲವೂ ಬರಲಿಲ್ಲ. ಅಲ್ಲಿ ನೋಡುವಂಥದ್ದು ಏನೂ ಇಲ್ವಾ? ಗೆದ್ದವರು ಪೂರ್ತಿ ಪುಕ್ಕಟೆಯಾಗಿ ಹೋಗಿ ಬರುತ್ತಾರಾ?"

ಸಂಪಾದಕರ ಉತ್ತರ:

ನೋಡುವಂಥದ್ದು ಬೇಕಾದಷ್ಟಿದೆ. ಆದರೆ ಬಹುಮಾನದ ಊರುಗಳನ್ನು ಆರಿಸುವವರು ಚೆಲುವನ್ನಷ್ಟೇ ನೋಡುವುದಿಲ್ಲ.

ನೀವು ನೋಡಿದ್ದು ಬೆಲೆ ಊಹಿಸುವ ಆಟ. ಕೊನೆಯ 'ಶೋಕೇಸ್' ಸುತ್ತಿನಲ್ಲಿ ಕಾರು, ಪ್ರವಾಸ, ಮನೆ ಸಾಮಾನು ಎಲ್ಲ ಸೇರಿಸಿ ಬೆಲೆ ಹೇಳಿ ಅನ್ನುತ್ತಾರೆ. ನಿಜವಾದ ಬೆಲೆಯನ್ನು ದಾಟಿದರೆ ಕಥೆ ಮುಗೀತು. ಹಾಗಾಗಿ ಪ್ರವಾಸಕ್ಕೂ ಒಂದು ತೂಕದ ಬೆಲೆ ಬೇಕು. ಚಿತ್ರೀಕರಣ ಲಾಸ್ ಏಂಜಲೀಸ್ ಕಡೆ. ಅಲ್ಲಿಂದ ಹೊನೊಲುಲು ಸುಮಾರು 4,000 ಕಿ.ಮೀ. ಇಬ್ಬರ ವಿಮಾನ ಟಿಕೆಟ್, ಕಡಲ ದಂಡೆಯ ಹೋಟೆಲಿನಲ್ಲಿ ಐದಾರು ರಾತ್ರಿ ಸೇರಿದರೆ ಮೊತ್ತ ತಾನಾಗಿಯೇ ಏರುತ್ತದೆ. ತೆಂಗಿನ ಮರ, ನೀಲಿ ನೀರು ತೋರಿಸಿದರೆ ಸಾಕು, ವಿವರಣೆಯೇ ಬೇಡ.

ಹವಾಯಿಗೆ ಕಾಲವೂ ಕೂಡಿಬಂತು. ಅದು ಅಮೆರಿಕದ ರಾಜ್ಯವಾದದ್ದು 1959ರ ಆಗಸ್ಟ್‌ನಲ್ಲಿ. ಜೆಟ್ ವಿಮಾನಗಳು ಅಲ್ಲಿಗೆ ಹಾರತೊಡಗಿದ್ದೂ ಅದೇ ವರ್ಷ. ಅಮೆರಿಕದವರಿಗೆ ಅಲ್ಲಿಗೆ ಪಾಸ್‌ಪೋರ್ಟ್ ಬೇಡ, ಡಾಲರೇ ನಡೆಯುತ್ತೆ. ಆದರೂ ದೂರದ ದೇಶಕ್ಕೆ ಹೋಗಿಬಂದ ಖುಷಿ.

ಇದಕ್ಕಿಂತ ದೊಡ್ಡ ಕಾರಣ ಬೇಕೆಂದರೆ, ಇಂಥ ಆಟಗಳ ಕೊನೆಯಲ್ಲಿ ಸರಸರ ಓಡುವ ಅಕ್ಷರಗಳನ್ನು ಗಮನಿಸಿ. 'ಪ್ರಮೋಷನಲ್ ಕನ್ಸಿಡರೇಷನ್' ಎಂದು ಕಂಪನಿಗಳ ಹೆಸರು ಬರುತ್ತದೆ. ಅಂದರೆ ಆ ಕಂಪನಿ ಹಣವನ್ನೋ ವಸ್ತುವನ್ನೋ ಕೊಟ್ಟಿದೆ, ಬದಲಿಗೆ ಪರದೆಯ ಮೇಲೆ ಅದರ ಹೆಸರು ಬಂದಿದೆ. ಇದನ್ನು ವೀಕ್ಷಕರಿಗೆ ತಿಳಿಸಲೇಬೇಕು. 1950ರ ದಶಕದ ಕೊನೆಯಲ್ಲಿ ಕ್ವಿಜ್ ಕಾರ್ಯಕ್ರಮಗಳ ಮೋಸ, ಹಾಡು ಹಾಕಲು ರೇಡಿಯೊದವರು ತೆಗೆದುಕೊಂಡ ಲಂಚ ಬಯಲಾದ ಮೇಲೆ 1960ರಲ್ಲಿ ಈ ಕಾನೂನನ್ನು ಬಿಗಿ ಮಾಡಿದರು. ಈಗ ಯೋಚಿಸಿ, ಹೀಗೆ ಕೊಡುವ ಶಕ್ತಿ ಯಾರಿಗಿದೆ? ಪ್ರವಾಸಿಗರಿಂದಲೇ ಬದುಕುವ ಊರುಗಳ ಹೋಟೆಲುಗಳಿಗೆ. ಲಾಸ್ ವೇಗಸ್‌ನಲ್ಲಂತೂ ಹೋಟೆಲ್ ಕೋಣೆಯ ತೆರಿಗೆ ಹಣದಿಂದಲೇ ಊರಿನ ಪ್ರಚಾರ ಮಾಡುವ ಸರ್ಕಾರಿ ಸಂಸ್ಥೆಯಿದೆ. ಹೊಲಗಳ ನಡುವಿನ ಸಣ್ಣ ಊರಿನ ಮೋಟೆಲಿಗೆ ಆ ಬಲ ಎಲ್ಲಿಂದ ಬರಬೇಕು?

ಕೋವಿಡ್ ಕಾಲದಲ್ಲಿ ಮಾತ್ರ ಪಟ್ಟಿ ಸ್ವಲ್ಪ ಬದಲಾಯಿತು. ವಿದೇಶ ಪ್ರವಾಸ ಕಷ್ಟವಾಗಿ, ದೇಶದೊಳಗಿನ ಊರುಗಳಿಗೇ ಕಳಿಸಬೇಕಾಯಿತು. 2021ರಲ್ಲಿ ಮ್ಯಾಸಚುಸೆಟ್ಸ್‌ನ ಮಹಿಳೆಯೊಬ್ಬರು ಪೆಸಿಫಿಕ್ ದ್ವೀಪಗಳಾದ ತಾಹಿತಿ, ಬೋರಾ ಬೋರಾದ ಆಸೆಯಲ್ಲಿದ್ದರು. ಗೆದ್ದದ್ದು ಪಕ್ಕದ ನ್ಯೂ ಹ್ಯಾಂಪ್‌ಷೈರ್‌ನ ಬ್ರೆಟನ್ ವುಡ್ಸ್! ಮನೆಯಿಂದ ಕಾರಿನಲ್ಲಿ ಕೆಲವೇ ಗಂಟೆ. ಅವರ ಸಪ್ಪೆ ಮುಖ ಸುದ್ದಿಯಾಯಿತು. ನನಗೆ ಮಾತ್ರ ಅದು ಕಡಿಮೆ ಬಹುಮಾನ ಅನಿಸಲಿಲ್ಲ. 1944ರಲ್ಲಿ ಐಎಂಎಫ್, ವಿಶ್ವಬ್ಯಾಂಕ್‌ಗಳಿಗೆ ಅಡಿಪಾಯ ಹಾಕಿದ ಸಭೆ ಅಲ್ಲಿನ ಬೆಟ್ಟದಡಿಯ ಹೋಟೆಲಿನಲ್ಲೇ ನಡೆದದ್ದು.

ಇನ್ನು ಪುಕ್ಕಟೆಯ ಮಾತು. ಪೂರ್ತಿ ಪುಕ್ಕಟೆ ಅಲ್ಲ. ಬಹುಮಾನದ ಬೆಲೆಯನ್ನು ಅಮೆರಿಕದಲ್ಲಿ ಆದಾಯ ಎಂದೇ ಎಣಿಸುತ್ತಾರೆ. 8,000 ಡಾಲರ್ ಪ್ರವಾಸ ಗೆದ್ದವರು 22% ತೆರಿಗೆ ಹಂತದಲ್ಲಿದ್ದರೆ ಕೇಂದ್ರಕ್ಕೇ 1,760 ಡಾಲರ್ ಕಟ್ಟಬೇಕು. ಆಟ ನಡೆದದ್ದು ಕ್ಯಾಲಿಫೋರ್ನಿಯಾದಲ್ಲಾದ್ದರಿಂದ ಆ ರಾಜ್ಯವೂ ಪಾಲು ಕೇಳುತ್ತದೆ. ಕೈಯಲ್ಲಿ ಕಾಸಿಲ್ಲದವರು ಬಹುಮಾನವನ್ನೇ ಬೇಡ ಅನ್ನುವುದೂ ಉಂಟು.

ನೆಬ್ರಾಸ್ಕಾಗೆ ಬರುತ್ತೇನೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ದಿನಗಳವರೆಗೆ ಅಲ್ಲಿನ ಪ್ಲಾಟ್ ನದಿಗೆ ಲಕ್ಷಗಟ್ಟಲೆ ಸ್ಯಾಂಡ್‌ಹಿಲ್ ಕ್ರೇನ್ ಹಕ್ಕಿಗಳು ಬಂದಿಳಿಯುತ್ತವೆ. ಹಗಲು ಹೊಲಗಳಲ್ಲಿ ಉಳಿದ ಮೆಕ್ಕೆಜೋಳ ಮೇಯುತ್ತವೆ. ಸಂಜೆ ಗುಂಪು ಗುಂಪಾಗಿ ಮರಳಿ, ಆಳವಿಲ್ಲದ ನೀರಿನಲ್ಲಿ ನಿಂತೇ ರಾತ್ರಿ ಕಳೆಯುತ್ತವೆ. ಬಹುಮಾನವಾಗಿ ಕೊಡೋಣವೆಂದರೆ ಇದು ಬರೀ ಕೆಲವು ವಾರಗಳ ನೋಟ. ಗೆದ್ದವರು ರಜೆ ನೋಡಿಕೊಂಡು ಜುಲೈನಲ್ಲಿ ಹೊರಟರೆ ಈ ಹಿಂಡುಗಳು ಸಿಗುವುದಿಲ್ಲ. ವರ್ಷವಿಡೀ ಒಂದೇ ಥರ ಇರುವ ಕಡಲ ದಂಡೆಯೇ ಟಿವಿಯವರಿಗೆ ಅನುಕೂಲ.

ನಿಮಗೆ ಆ ತೊಂದರೆ ಇಲ್ಲ, ಅಲ್ವಾ? ಮುಂದಿನ ಸಲ ಮಾರ್ಚ್‌ನಲ್ಲೇ ಹೋಗಿ. ಒಮಾಹಾದಿಂದ ಆ ನದಿಯ ಬಳಿಯ ಕಾರ್ನಿ ಊರಿಗೆ ಸುಮಾರು 300 ಕಿ.ಮೀ., ಒಂದೇ ಹೆದ್ದಾರಿ. ಸ್ವಲ್ಪ ಈಚೆಗೆ ಗಿಬ್ಬನ್ ಹತ್ತಿರ ರೋ ಸ್ಯಾಂಕ್ಚುರಿ ಎಂಬ ಪಕ್ಷಿಧಾಮ ಇದೆ. ನದಿಯ ಅಂಚಿನ ಮರೆಗೂಡುಗಳಲ್ಲಿ ಕೂತು ನೋಡಬಹುದು. ಜಾಗ ಬೇಗ ತುಂಬುತ್ತದೆ, ಮಗಳಿಗೆ ಮೊದಲೇ ಬುಕ್ ಮಾಡಲು ಹೇಳಿ. ಚಳಿ ಜಾಸ್ತಿ ಇರುತ್ತೆ, ಸ್ವೆಟರ್ ಮರೀಬೇಡಿ.